ಎಡಗಡೆಯಿಂದ ಬರುವ ಏಟು

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಗುಂಡೂ,

ಹೇಗಿದ್ದೀಯಪ್ಪಾ? ಹುಬ್ಬಿನ ಮೇಲೆ ಹೊಲಿಗೆ ಹಾಕಿದ್ದ ಗಾಯ ಪೂರ್ತಿ ಮಾಯಿತೋ ಇಲ್ಲವೋ? ಪಕ್ಕೆಯ ನೋವು ಇಳಿಯಿತೇ? ನಿಮ್ಮ ಕೋಚು ಶಿಬಿರಕ್ಕೆ ಬಂದವರ ಫೋನನ್ನೆಲ್ಲ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರಂತಲ್ಲ, ಹಾಗಾಗಿ ನಿನ್ನ ಅಕ್ಕ ಈ ಕಾಲದಲ್ಲೂ ಕಾಗದ, ಪೆನ್ನು ಹಿಡಿದು ಕೂರಬೇಕಾಗಿದೆ. ಅಕ್ಷರ ನೋಡಿ ನಗಬೇಡ, ನಿನ್ನದು ಇದಕ್ಕಿಂತ ಕೆಟ್ಟದಾಗಿದೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಕ್ಷೇಮವೇನೋ ಹೌದು, ನೆಮ್ಮದಿ ಮಾತ್ರ ಕೇಳಬೇಡ. ಅದಕ್ಕೆ ಕಾರಣ ನೀನು. ನೀನು ಅಂದರೆ, ನಿನ್ನ ಸೊಂಟಕ್ಕೆ ಕಟ್ಟಿದ ಆ ಬೆಲ್ಟು.

ನೀನು ಬಾಕ್ಸಿಂಗಿನಲ್ಲಿ ಹೆವಿವೇಟ್ ಚಾಂಪಿಯನ್ ಆಗಿ ಎರಡು ತಿಂಗಳಾಯಿತು. ಮೊನ್ನೆ ಮಂಗಳವಾರದವರೆಗೆ ನಮ್ಮ ಮನೆಯಲ್ಲಿ ಒಂದು ಹೊತ್ತಿನ ಊಟವೂ ವಾದವಿಲ್ಲದೆ ಮುಗಿದದ್ದಿಲ್ಲ. ಅಪ್ಪನ ಪ್ರಕಾರ ನೀನು ಚಾಂಪಿಯನ್ನೇ ಅಲ್ಲ. ಎದುರಾಳಿ ಸೊಂಟದ ಕೆಳಗೆ ಹೊಡೆದ, ರೆಫರಿ ಎರಡು ಸಲ ಎಚ್ಚರಿಸಿ ಮೂರನೆಯ ಸಲ ಅವನನ್ನು ಹೊರಗೆ ಹಾಕಿದರು, ನೀನು ಗೆದ್ದೆ. ಅಲ್ಲಿಯವರೆಗೆ ಏಳು ರೌಂಡಿನಲ್ಲಿ ಐದು ಅವನದು. ಇದೂ ಒಂದು ಗೆಲುವೇ ಎಂದು ಅಪ್ಪ ತಟ್ಟೆಯ ಮುಂದೆ ಕೂತು ಕೇಳುತ್ತಾರೆ. ಕೇಳುವುದು ನನ್ನನ್ನಲ್ಲ, ಎದುರಿಗಿರುವ ಚಿಕ್ಕಪ್ಪನನ್ನು. ಚಿಕ್ಕಪ್ಪ ಸುಮ್ಮನಿರುವ ಪೈಕಿಯೇ? ಮೂವತ್ತು ವರ್ಷ ಬಸ್ಸು ಓಡಿಸಿದ ಗಂಟಲು. ನಿಯಮ ಮುರಿದವನು ಸೋತ, ನಿಯಮದೊಳಗೆ ನಿಂತವನು ಗೆದ್ದ, ಹಾಗಲ್ಲದಿದ್ದರೆ ಪಂದ್ಯಕ್ಕೆ ರೆಫರಿ ಯಾಕೆ ಎನ್ನುತ್ತಾರೆ. ನಿನ್ನನ್ನು ಹನ್ನೊಂದನೇ ವಯಸ್ಸಿಗೆ ಕೈಹಿಡಿದು ಜಿಮ್ಮಿಗೆ ಕರೆದುಕೊಂಡು ಹೋದವರು ಅವರು. ನಿನ್ನ ಬಗ್ಗೆ ಒಂದು ಮಾತು ಬಂದರೆ ತಮ್ಮ ಬಸ್ಸಿಗೆ ಯಾರೋ ಗೀರು ಹಾಕಿದ ಹಾಗೆ ಎದ್ದು ನಿಲ್ಲುತ್ತಾರೆ. ಅಮ್ಮ ನಿನ್ನ ಒಂದು ಪಂದ್ಯವನ್ನೂ ನೋಡಿದವಳಲ್ಲ, ನೋಡುವವಳೂ ಅಲ್ಲ. ಇವರ ಮಾತು ಶುರುವಾದ ತಕ್ಷಣ ಅಡುಗೆಮನೆಗೆ ಹೋಗಿ ಖಾಲಿ ಮಿಕ್ಸಿ ತಿರುಗಿಸುತ್ತಾಳೆ.

ಮನೆಯಲ್ಲಷ್ಟೇ ಆದರೆ ಹೇಗೋ ಸಹಿಸಬಹುದಿತ್ತು. ಅಪ್ಪನ ಕ್ಷೌರದಂಗಡಿಯೂ ಕೋರ್ಟಾಗಿತ್ತು. ಹೋದ ವಾರ ಒಬ್ಬರು ಮೇಷ್ಟ್ರು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಒಂದು ಕೆನ್ನೆ ಮುಗಿದಿತ್ತು. ಅಷ್ಟರಲ್ಲಿ ಚಿಕ್ಕಪ್ಪ ಬಂದು, ನಿನ್ನ ಎಡಗೈ ಏಟಿನಷ್ಟು ನೇರವಾದದ್ದು ಸದ್ಯಕ್ಕೆ ಯಾರಿಗೂ ಇಲ್ಲ ಎಂದು ಪೇಪರಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಓದಿದರು. ಏಟು ನೇರ, ಕಾಲು ಮಾತ್ರ ಲೈಟು ಕಂಬ ಎಂದರು ಅಪ್ಪ. ಇಷ್ಟು ತೂಕದವನು ಕುಣಿಯಬೇಕಾ ಎಂದರು ಚಿಕ್ಕಪ್ಪ. ಅಲ್ಲಿಂದ ನೀನು ಗೆದ್ದ ಹತ್ತೊಂಬತ್ತು ಮಂದಿಯ ಜಾತಕ ಬಿಚ್ಚಿಕೊಂಡಿತು: ಒಬ್ಬನಿಗೆ ಮೂವತ್ತೆಂಟು ವರ್ಷ ಆಗಿತ್ತು, ಇನ್ನೊಬ್ಬ ಹದಿನೈದು ದಿನ ಮುಂಚೆ ಕರೆಸಿದ ಬದಲಿ ಆಸಾಮಿ, ಮತ್ತೊಬ್ಬನಿಗೆ ಭುಜ ಉಳುಕಿತ್ತು. ಕೈಯಲ್ಲಿ ಕತ್ತಿ ಹಿಡಿದು ಅಪ್ಪ ಗಾಳಿಯಲ್ಲಿ ಏಟು ತೋರಿಸುತ್ತಿದ್ದರೆ ಮೇಷ್ಟ್ರು ಕುರ್ಚಿಯಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರಂತೆ. ಕೊನೆಗೆ ಒಂದೇ ಕೆನ್ನೆಯ ಗಡ್ಡ ಇಟ್ಟುಕೊಂಡು ಎದುರಿನ ಅಂಗಡಿಗೆ ಹೋಗಿಬಿಟ್ಟರು. ಮರುದಿನ ಅಪ್ಪ ಕನ್ನಡಿಯ ಮೇಲೆ ಇಲ್ಲಿ ಬಾಕ್ಸಿಂಗ್ ಮಾತು ಬೇಡ ಎಂದು ಬರೆದು ಅಂಟಿಸಿದರು. ಹತ್ತು ಗಂಟೆಗೆ ಅಂಟಿಸಿದ್ದು, ಹತ್ತೂಕಾಲಿಗೆ ಅವರೇ ಮುರಿದರು.

ನನಗೆ ರೋಸಿಹೋಯಿತು. ಇಷ್ಟೆಲ್ಲ ಮಾತಾಡುವ ಬದಲು ನಿನ್ನ ಪಂದ್ಯಗಳನ್ನು ಮೊದಲಿನಿಂದ ಹಾಕಿಕೊಂಡು ನೋಡಿ, ಒಂದು ತೀರ್ಮಾನಕ್ಕೆ ಬಂದು ಬಾಯಿ ಮುಚ್ಚಿಕೊಳ್ಳಿ ಎಂದು ನಾನೇ ಹೇಳಿದೆ. ತಪ್ಪಾಯಿತು. ಮಂಗಳವಾರ ಅಂಗಡಿಗೆ ರಜೆ, ನನ್ನಿಂದಲೂ ಕನ್ನಡಕದ ಅಂಗಡಿಯ ಕೆಲಸಕ್ಕೆ ರಜೆ ಹಾಕಿಸಿ, ನನ್ನನ್ನು ಜಡ್ಜಿ ಮಾಡಿದರು. ನನಗೆ ಬಾಕ್ಸಿಂಗ್ ಏನೂ ಗೊತ್ತಿಲ್ಲ, ಆದ್ದರಿಂದ ಪಕ್ಷಪಾತ ಮಾಡುವುದಿಲ್ಲ ಎಂಬುದು ಇಬ್ಬರ ನಂಬಿಕೆ. ಕ್ಷೌರದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ನೋಟುಬುಕ್ಕು ಕೊಟ್ಟು, ಗೋಡೆಯ ಟಿವಿಯಲ್ಲಿ ಒಂದರ ಹಿಂದೆ ಒಂದು ಪಂದ್ಯ ಹಾಕಿದರು. ನಿನ್ನನ್ನು ಇಷ್ಟು ಬೈಯುವ ಅಪ್ಪ ಎಲ್ಲ ಪಂದ್ಯಗಳನ್ನೂ ತಾರೀಕು ಬರೆದು ಜೋಡಿಸಿಟ್ಟಿದ್ದಾರೆ, ಅದು ನಿನಗೆ ಗೊತ್ತಿರಲಿಕ್ಕಿಲ್ಲ. ಯಾವ ರೌಂಡಿನಲ್ಲಿ ಏನಾಗುತ್ತದೆ ಎಂದು ಟಿವಿಗಿಂತ ಮುಂಚೆ ಅವರೇ ಹೇಳುತ್ತಿದ್ದರು.

ಮಧ್ಯಾಹ್ನದವರೆಗೆ ನಾನು ಅಂಕ ಹಾಕಿದೆ. ನಿಜ ಹೇಳಬೇಕೆಂದರೆ ನೀನು ಚೆನ್ನಾಗಿ ಆಡುತ್ತೀ ಕಣೋ, ನೋಡುತ್ತಾ ನೋಡುತ್ತಾ ನನಗೂ ಹೆಮ್ಮೆಯಾಯಿತು. ಊಟದ ಮೇಲೆ ಕೊನೆಯ ಮೂರು ಪಂದ್ಯ ಹಾಕಿದಾಗ ಅಂಕ ಹಾಕುವುದು ಮರೆತೇಹೋಯಿತು. ದಿನವಿಡೀ ಜನರ ಕಣ್ಣು ನೋಡುವುದು ನನ್ನ ಕೆಲಸ, ಅಭ್ಯಾಸ ಎಲ್ಲಿ ಹೋಗುತ್ತದೆ? ಹಿಂದಿನ ಪಂದ್ಯಗಳಲ್ಲಿ ಎದುರಾಳಿಯ ಬಲಗೈ ನಿನ್ನ ಎಡಗಡೆಯಿಂದ ಬಂದರೆ ಕಣ್ಣು ಮಿಟುಕಿಸಿ ತಲೆ ತಪ್ಪಿಸುತ್ತಿದ್ದೆ. ಈ ಮೂರರಲ್ಲಿ ಅದೇ ಏಟು ಬಂದು ಬೀಳುವವರೆಗೂ ನಿನ್ನ ರೆಪ್ಪೆ ಅಲುಗುವುದಿಲ್ಲ. ಬಿಡುವಿನಲ್ಲಿ ಸ್ಟೂಲಿನ ಮೇಲೆ ಕೂತಾಗ, ಎಡಗಡೆ ನಿಂತವರು ನೀರು ಕೊಟ್ಟರೆ ಇಡೀ ಮುಖ ತಿರುಗಿಸಿ ಬಾಟಲಿ ಹುಡುಕುತ್ತೀ. ನೋಡು ಎಂಥ ಎದೆಗಾರಿಕೆ, ರೆಪ್ಪೆ ಕೂಡ ಹೊಡೆಯಲ್ಲ ಎಂದರು ಚಿಕ್ಕಪ್ಪ. ಎದೆಗಾರಿಕೆಯಲ್ಲ ಸೋಮಾರಿತನ, ಎಡಗೈ ಮೇಲಿಟ್ಟುಕೊಳ್ಳೋಕೆ ಏನು ರೋಗ ಎಂದರು ಅಪ್ಪ. ಮತ್ತೆ ಶುರು. ನಾನು ಟಿವಿ ನಿಲ್ಲಿಸಿದೆ. “ಅವನಿಗೆ ಆ ಕಡೆ ಕಾಣಿಸ್ತಿಲ್ಲಪ್ಪಾ,” ಅಂದೆ.

ಅಪ್ಪ ಕೊನೆಯ ಪಂದ್ಯವನ್ನು ಮೊದಲಿನಿಂದ ಹಾಕಿ, ಸದ್ದು ತೆಗೆದು, ತಮ್ಮ ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡು ಟಿವಿಯ ಮುಂದೆ ನಿಂತು ನೋಡಿದರು. ಎರಡು ರೌಂಡು ನೋಡಿರಬೇಕು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿದರು. ಚಿಕ್ಕಪ್ಪ ನೆಲ ನೋಡುತ್ತಿದ್ದರು. “ಎಡಗಣ್ಣಿನ ಮೂಲೇಲಿ ಕಪ್ಪು ಪರದೆ ಬಿಟ್ಟ ಹಾಗಿದೆ ಅಂದಿದ್ದ. ಎರಡು ದಿನಕ್ಕೆ ಸರಿಹೋಯ್ತು ಅಂತ ಆಮೇಲೆ ಅವನೇ ಹೇಳಿದ,” ಎಂದರು. ಯಾವಾಗ ಎಂದು ಅಪ್ಪ ಕೇಳಿದರು. ಹೋದ ವರ್ಷ ಅಂತೆ. ಸರಿಹೋಗಿದೆ ಎಂದು ನೀನು ಹೇಳಿದೆ, ನಂಬಬೇಕು ಅನ್ನಿಸಿತು, ಅವರು ನಂಬಿದರು. ಅಪ್ಪ ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಲಿಲ್ಲ, ಟಿವಿ ಆರಿಸಿ ಕತ್ತರಿಗಳನ್ನೆಲ್ಲ ಹೊರಗೆ ತೆಗೆದು ಒರೆಸಲು ಕೂತರು. ಅಂದಿನಿಂದ ಮನೆಯಲ್ಲಿ ವಾದವೇ ಇಲ್ಲ. ಎರಡು ತಿಂಗಳಿಂದ ನಾನು ಬೇಡಿಕೊಂಡದ್ದು ಇದನ್ನೇ, ಈಗ ಕಿವಿಗೆ ಹಿಂಸೆಯಾಗುತ್ತಿದೆ. ಅಮ್ಮನಿಗೆ ವಿಷಯ ಹೇಳಿದೆವು. ಅವಳು ಕೇಳಿದ್ದು ಒಂದೇ, ಇನ್ನೊಂದು ಕಣ್ಣು ಹೇಗಿದೆ ಅಂತ.

ನನ್ನ ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯುತ್ತಿಲ್ಲ. ಚಿಕ್ಕಪ್ಪನ ಮೇಲೆ ಇದೆ, ನಿನ್ನ ಮೇಲಂತೂ ಇದ್ದೇ ಇದೆ. ಹೋದ ಸಲ ಬಂದಾಗ ನೀನು ಬಾಗಿಲಿನ ಎಡಚೌಕಟ್ಟಿಗೆ ಎರಡು ಸಲ ಭುಜ ತಾಗಿಸಿಕೊಂಡೆ, ದೇಹ ಬೆಳೆದಿದೆ ಎಂದು ನಾನು ನಕ್ಕೆ. ಅಕ್ಷರದ ಬೋರ್ಡು ಓದಿಸಿದರೆ ನೀನು ಕೊನೆಯ ಸಾಲನ್ನೂ ಓದಬಹುದು, ಪಾಸಾಗಲೂಬಹುದು. ನೇರ ನೋಟ ಉಳಿದು ಪಕ್ಕದ ನೋಟ ಹೋಗುವುದು ಹೀಗೆಯೇ. ಕಣ್ಣಿನ ಹಿಂದಿನ ಪರದೆ ಸಡಿಲವಾಗಿದ್ದರೆ ಆ ಕಣ್ಣು ಪೂರ್ತಿ ಹೋಗಲು ಇನ್ನೊಂದು ಗಟ್ಟಿ ಏಟು ಸಾಕು. ನೀನು ಚಾಂಪಿಯನ್ ಹೌದೋ ಅಲ್ಲವೋ ಎಂದು ಜಡ್ಜಿಯಾದ ನಾನು ಹೇಳಬೇಕಿತ್ತಲ್ಲ, ಹೇಳುತ್ತೇನೆ ಕೇಳು. ಅರ್ಧ ಕಾಣದೆ ಮೂರು ಪಂದ್ಯ ಗೆದ್ದವನು ಚಾಂಪಿಯನ್ನೇ. ಅವನಷ್ಟು ದಡ್ಡ ಇನ್ನೊಬ್ಬನಿಲ್ಲ.

ಹೊತ್ತುಹೊತ್ತಿಗೆ ತಿನ್ನು, ಕಾಲಿಗೆ ಬೆಚ್ಚಗೆ ಏನಾದರೂ ಹಾಕಿಕೋ. ಅಮ್ಮ ನೂರು ಸಲ ಹರಸಿದ್ದಾಳೆ. ಅಪ್ಪನೂ ಹರಸಿದ್ದಾರೆ, ಬಾಯಿಬಿಟ್ಟು ಹೇಳಿಲ್ಲ ಅಷ್ಟೇ.

ನಿನ್ನ ಮೇಲೆ ಕೋಪವಿರುವ,
ಅಕ್ಕ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಮುಚ್ಚಿಟ್ಟರೆ ನಾನೂ ಚಿಕ್ಕಪ್ಪನ ಸಾಲಿಗೇ ಸೇರುತ್ತೇನೆ. ನೀನಾಗಿ ಡಾಕ್ಟರ ಹತ್ತಿರ ಹೋಗುವವನಲ್ಲ. ಆದ್ದರಿಂದ ಬಾಕ್ಸಿಂಗ್ ಮಂಡಳಿಯ ವೈದ್ಯರಿಗೆ ಶುಕ್ರವಾರವೇ ಕಾಗದ ಹಾಕಿದ್ದೇನೆ. ಯಾವ ಪಂದ್ಯ, ಯಾವ ರೌಂಡು, ಎಷ್ಟನೇ ನಿಮಿಷ ಎಲ್ಲ ಬರೆದಿದ್ದೇನೆ. ಅಪ್ಪ ಸಹಿ ಮಾಡಿದರು. ಚಿಕ್ಕಪ್ಪ ಪೆನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು, ಆಮೇಲೆ ಅವರೂ ಮಾಡಿದರು. ಇದು ನಿನ್ನ ಕೈಸೇರುವಷ್ಟರಲ್ಲಿ ಅದು ಅವರ ಕೈಸೇರಿರುತ್ತದೆ. ಮುಂದಿನ ತಿಂಗಳ ಪಂದ್ಯ ನಡೆಯುವುದಿಲ್ಲ, ಬೆಲ್ಟೂ ಹೋಗಬಹುದು. ಬೈಯುವುದಿದ್ದರೆ ಮನೆಗೆ ಬಂದು ಬೈಯಿ. ನಾನು ಎದುರಿಗೇ ನಿಂತಿರುತ್ತೇನೆ, ನಿನಗೆ ಕಾಣುವ ಕಡೆ.