ಮೂರು ಬುಟ್ಟಿ ಸವಳು

ಬೆನ್ನಹಾಳ, ಐದನೆಯ ಬೇಸಿಗೆ ತಿಂಗಳ ಮೂವತ್ತಾರನೆಯ ದಿನ, 2119

ಮುತ್ತಜ್ಜಿ ಮಹಾನಂದಾ ಅವರಿಗೆ ನಿಮ್ಮ ಮರಿಮೊಮ್ಮಗಳು ಸುಗಲಾಳ ನಮಸ್ಕಾರ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ವರ್ಷವನ್ನು ನಾವು ಈಗ ಬೇರೆ ರೀತಿ ಹಂಚಿಕೊಂಡಿದ್ದೇವೆ, ಅದನ್ನು ವಿವರಿಸುವ ತ್ರಾಣ ನನಗಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಈ ಪತ್ರ 2026ರ ಏಪ್ರಿಲ್‌ಗೆ ಮೊದಲು ನಿಮ್ಮ ಕೈ ಸೇರಬೇಕು. ಆಗ ನಿಮಗೆ ಮೂವತ್ತಾರು ವರ್ಷ. ನನಗೀಗ ನಲವತ್ತೇಳು. ನನಗಿಂತ ಚಿಕ್ಕವರನ್ನು ಮುತ್ತಜ್ಜಿ ಎಂದು ಕರೆಯಲು ಸಂಕೋಚವಾಗುತ್ತದೆ, ಆದರೆ ಬೇರೆ ಹೇಗೆ ಕರೆಯಲಿ?

ನಾನು ಇಷ್ಟು ವರ್ಷ ಇದ್ದದ್ದು ತಂತಿಮನೆಯಲ್ಲಿ. ತಂಪುಗಾಳಿ, ಬೆಳಕು, ನೀರು ಎಲ್ಲವೂ ತಂತಿ ಮತ್ತು ಕೊಳವೆಯಲ್ಲಿ ಬರುವ ದೊಡ್ಡ ಕಟ್ಟಡಕ್ಕೆ ನಾವು ಹಾಗೆನ್ನುತ್ತೇವೆ. ಒಂದೊಂದು ಕೋಣೆಯಲ್ಲಿ ನಲವತ್ತು ಮಂಚ, ಕಿಟಕಿ ತೆರೆಯುವಂತಿಲ್ಲ. ಊಟಕ್ಕೆ ಕೊರತೆಯಿಲ್ಲ, ಸೆಕೆಯೂ ಇಲ್ಲ. ಆದರೆ ಹತ್ತೊಂಬತ್ತು ವರ್ಷ ಇನ್ನೊಬ್ಬರ ಕೆಮ್ಮು ಕೇಳುತ್ತ ಮಲಗಿ ನನಗೆ ಸಾಕಾಗಿಹೋಯಿತು. ನನ್ನ ಕೈಯಾರೆ ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲು ಬೇಕು ಎನಿಸಿತು. ಬಿಟ್ಟುಹೋದ ಊರುಗಳ ಹಳೆಯ ಮನೆಗಳಿಗೆ ಒಂಟಿಮನೆ ಎನ್ನುತ್ತಾರೆ, ಅಲ್ಲಿಗೆ ತಂತಿಯೂ ಬರುವುದಿಲ್ಲ, ಕೊಳವೆಯೂ ಬರುವುದಿಲ್ಲ. ಯಾರಾದರೂ ತಮ್ಮ ಹಿರಿಯರ ಒಂಟಿಮನೆಯನ್ನು ಮಳೆಗೆ ಮೊದಲು ರಿಪೇರಿ ಮಾಡಿಕೊಂಡರೆ ಅದು ಅವರದೇ. ಪರೀಕ್ಷೆ ಒಂದೇ. ನೀರೆರೆಯುವವರು ಬಂದು ಮಾಳಿಗೆಯ ಮೇಲೆ ಅರ್ಧ ದಿನ ನೀರು ಬಿಡುತ್ತಾರೆ. ಒಳಗೆ ಒಂದು ಹನಿ ಬಿದ್ದರೂ ಮನೆ ಕೆಡವಿ ಕಲ್ಲು ಒಯ್ಯುತ್ತಾರೆ, ಬಂದವರು ತಮ್ಮ ಮಂಚಕ್ಕೆ ಮರಳಬೇಕು. ನನ್ನ ಮನೆಗೆ ಅವರು ನಾಡಿದ್ದು ಬರುತ್ತಾರೆ.

ಇಲ್ಲಿಗೆ ಬಂದು ಎಪ್ಪತ್ತು ದಿನವಾಯಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮುಚ್ಚುಹೊತ್ತು, ಅಂದರೆ ಹೊರಗೆ ಕಾಲಿಟ್ಟವರು ಬದುಕುವ ಖಾತರಿಯಿಲ್ಲದ ಹೊತ್ತು. ಹಾಗಾಗಿ ನಸುಕಿನಲ್ಲಿ ನಾಲ್ಕು ತಾಸು, ಸಂಜೆ ಎರಡು ತಾಸು ಮಾತ್ರ ಕೆಲಸ. ಹಾರೆ, ಸಲಿಕೆಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಡಬೇಕು, ಇಲ್ಲವಾದರೆ ಅಂಗೈ ಸುಡುತ್ತದೆ. ಐದು ದಿನಕ್ಕೊಮ್ಮೆ ದ್ಯಾಮವ್ವ ಎಂಬಾಕೆ ಕತ್ತೆಗಾಡಿಯಲ್ಲಿ ನೀರು ತರುತ್ತಾಳೆ. ಅವಳನ್ನು ಬಿಟ್ಟರೆ ನಾನು ಮಾತನಾಡುವುದು ಗೋಡೆಯ ಹಲ್ಲಿಯ ಜೊತೆ, ಅದೂ ಹೆಚ್ಚಾಗಿ ಬೈಗುಳ.

ಮೊದಲ ಬೈಗುಳ ಮಾತ್ರ ನಿಮಗೇ ಬಿದ್ದದ್ದು. ಮಣ್ಣಿನ ಮಾಳಿಗೆಯ ಮೇಲೆ ಯಾರೋ ಸಿಮೆಂಟು ಬಳಿದಿದ್ದರು. ಗೋಡೆಯ ಅಂಚಿನಲ್ಲಿ ಅದು ಸೀಳಿ, ಮಳೆನೀರು ಒಳಗೆ ಇಳಿದು, ನಾಲ್ಕು ಜಂತಿಗಳು ಕೊಳೆತಿದ್ದವು. ಮೂಲೆಯಲ್ಲಿ, ಹಸಿ ಸಿಮೆಂಟಿನ ಮೇಲೆ ಬೆರಳಿನಿಂದ ಬರೆದಿತ್ತು: ಮಹಾನಂದಾ, ಏಪ್ರಿಲ್ 2026. ಆ ಹೆಸರಿನ ಮೇಲೆ ಕುಳಿತು ಮನಸಾರೆ ಬೈದೆ. ಆಮೇಲೆ ಇಪ್ಪತ್ತು ದಿನ ಸಿಮೆಂಟು ಒಡೆದೆ, ಅದರ ಕೆಳಗಿನ ಮಣ್ಣನ್ನೆಲ್ಲ ಕೆರೆದು ತೆಗೆದೆ, ಹೊರಗೆ ಎಸೆಯಲು ಜಾಗ ದೂರವೆಂದು ಅಂಗಳದ ಹಗೇವಿಗೆ ಸುರಿದೆ. ನೀವು ಜೋಳ ತುಂಬಿಡುತ್ತಿದ್ದ ಆ ನೆಲದೊಳಗಿನ ಕಣಜ ನನಗೆ ಕಸದ ಗುಂಡಿಯಂತೆ ಕಂಡಿತು. ಜಂತಿ ಬದಲಿಸಿ, ಹೊಲದ ಕರಿಮಣ್ಣನ್ನು ಹೊತ್ತು ಮಾಳಿಗೆ ಮುಚ್ಚಿದೆ. ವಾರದೊಳಗೆ ಅದು ಬಿರಿದು, ನನ್ನ ಬೆರಳು ತೂರುವಷ್ಟು ಸೀಳು ಬಿಟ್ಟಿತು. ಅವತ್ತು ಅತ್ತೆ.

ದ್ಯಾಮವ್ವ ಮೇಲೆ ಹತ್ತಿ ನೋಡಿದಳು. "ಎರಿಮಣ್ಣ ಮಾಳಗಿ ಮ್ಯಾಲ ಯಾರ ಹಾಕ್ತಾರವ್ವಾ? ಬಿಸಲಿಗೆ ಅದು ಬಾಯಿ ಬಿಡತೈತಿ. ಮ್ಯಾಲ ಸವಳ ಹಾಕಬೇಕು, ನೀರ ನಿಲ್ಲಂಗಿಲ್ಲ" ಎಂದಳು. ಸವಳು ಹೇಗಿರುತ್ತದೆ ಎಂದೆ. "ಬಿಳಿ ಮಣ್ಣ. ನಾಲಿಗಿಗೆ ಹಚ್ಚಿ ನೋಡು, ಉಪ್ಪ ಹತ್ತತೈತಿ." ಊರಿನ ಸವಳಿನ ಗುಂಡಿಯ ಮೇಲೆ ತಂತಿಮನೆಯವರು ಬಿಸಿಲಿನಿಂದ ಕರೆಂಟು ತೆಗೆಯುವ ಬಿಸಿಲುಹಲಗೆಗಳನ್ನು ಹಾಸಿ ಬೇಲಿ ಹಾಕಿದ್ದಾರೆ. ನನ್ನ ಹತ್ತೊಂಬತ್ತು ವರ್ಷದ ತಂಪು ಅಲ್ಲಿಂದಲೇ ಬಂದದ್ದಿರಬೇಕು. ಬೇರೆ ಕಡೆ ಹುಡುಕಿದೆ. ಹಳ್ಳದ ದಂಡೆ, ಹಾಳು ಬಾವಿ, ಸುಡುಗಾಡಿನ ದಿಬ್ಬ, ಹೀಗೆ ಹನ್ನೊಂದು ಕಡೆ ಮಣ್ಣು ನೆಕ್ಕಿದೆ. ಎಲ್ಲವೂ ಬರೀ ಮಣ್ಣೇ.

ಮುಂದಿನ ಸರದಿಗೆ ಬಂದ ದ್ಯಾಮವ್ವ ಹಗೇವಿನ ಬಾಯಿಯ ಹತ್ತಿರ ಕುಳಿತು ಎಲೆಅಡಿಕೆ ತೆಗೆಯುತ್ತಿದ್ದವಳು ಅದನ್ನು ಬದಿಗಿಟ್ಟಳು. ನಾನು ಮಣ್ಣು ಸುರಿದು ಅಲ್ಲೇ ಬಿಟ್ಟಿದ್ದ ಬುಟ್ಟಿಯ ಅಂಚನ್ನು ಬೆರಳಿನಿಂದ ಒರಸಿ ನಾಲಿಗೆಗೆ ಹಚ್ಚಿಕೊಂಡಳು. "ಏ ತಂಗಿ, ಊರ ಮಣ್ಣೆಲ್ಲ ತಿಂದಿ, ಮನೀದೊಂದ ಬಿಟ್ಟಿ ನೋಡು" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಸೀಳಿದ ಅಂಚೊಂದನ್ನು ಬಿಟ್ಟರೆ ನಿಮ್ಮ ಸವಳು ಸಿಮೆಂಟಿನ ಕೆಳಗೆ ಮಳೆ ತಾಕದೆ ಹಾಗೇ ಉಳಿದಿತ್ತು. ಅದನ್ನು ನಾನೇ ಎತ್ತಿ ಗುಂಡಿಗೆ ಹಾಕಿದ್ದೆ.

ಹಗೇವಿಗೆ ಎರಡು ದಿನ ಗಾಳಿಯಾಡಲು ಬಿಟ್ಟು, ಹಗ್ಗ ಕಟ್ಟಿಕೊಂಡು ಇಳಿದೆ. ಕೆಳಗೆ ಬುಟ್ಟಿ ತುಂಬುವುದು, ಮೇಲೆ ಹತ್ತುವುದು, ಎಳೆಯುವುದು, ಜರಡಿ ಹಿಡಿಯುವುದು, ತಲೆಯ ಮೇಲೆ ಹೊತ್ತು ನಿಚ್ಚಣಿಕೆ ಏರುವುದು. ದಿನಕ್ಕೆ ಎಂಟು ಬುಟ್ಟಿಗಿಂತ ಹೆಚ್ಚು ಆಗಲಿಲ್ಲ. ಒಂದು ಸಂಜೆ ನಿಚ್ಚಣಿಕೆಯ ನಡುವೆ ನಿಂತು, ಮೇಲೆ ಹೋಗಲೂ ಆಗದೆ ಕೆಳಗೆ ಇಳಿಯಲೂ ಆಗದೆ ಇದ್ದಾಗ ನಿಮ್ಮ ನೆನಪಾಯಿತು. ನೀವು ಪ್ರತಿ ಬೇಸಿಗೆ ಒಬ್ಬರೇ, ಕೂಸನ್ನು ಕೆಳಗೆ ಕಟ್ಟೆಗೆ ಕೂರಿಸಿ, ಸವಳು ಹೊರುತ್ತಿದ್ದಿರಿ ಎಂದು ಆ ಕೂಸು, ಅಂದರೆ ನನ್ನಜ್ಜಿ, ಹೇಳುತ್ತಿದ್ದಳು. ಬೈದದ್ದಕ್ಕೆ ನಾಚಿಕೆಯಾಯಿತು, ಮುತ್ತಜ್ಜಿ. ಆ ಹೊತ್ತಿನಲ್ಲಿ ಯಾರಾದರೂ ಒಂದು ಚೀಲ ಸಿಮೆಂಟು ಕೊಟ್ಟಿದ್ದರೆ ನಾನೂ ಬಳಿದು ಹೆಸರು ಬರೆಯುತ್ತಿದ್ದೆ.

ನೀವು ಸಿಮೆಂಟು ಹಾಕಬೇಡಿ ಎಂದು ಬೇಡಿಕೊಳ್ಳಲೆಂದೇ ಈ ಪತ್ರ ಶುರುಮಾಡಿದ್ದೆ. ಈಗ ಆ ಮಾತು ಬಾಯಿಗೆ ಬರುತ್ತಿಲ್ಲ. ಹಾಕಿ. ಹಾಕಿ ಒಂದೆರಡು ಬೇಸಿಗೆಯಾದರೂ ಬೆನ್ನು ನೆಟ್ಟಗೆ ಮಾಡಿಕೊಳ್ಳಿ.

ಆದರೆ ಸವಳು ಸಾಲಲಿಲ್ಲ. ಅಡುಗೆಮನೆಯ ಮೇಲಿನ ಮೂಲೆಯಲ್ಲಿ ಒಂದು ಹಾಸಿಗೆಯಷ್ಟು ಜಾಗ ಇನ್ನೂ ಕರಿಮಣ್ಣಾಗಿಯೇ ಇದೆ. ನಾಡಿದ್ದು ನೀರು ಇಳಿಯುವುದಾದರೆ ಅಲ್ಲಿಂದಲೇ. ನನ್ನ ಅಂದಾಜಿನಲ್ಲಿ ಬೇಕಾದದ್ದು ಮೂರು ಬುಟ್ಟಿ. ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಸಿಮೆಂಟು ಕಲಸುವ ಹಿಂದಿನ ದಿನ ಇನ್ನು ಮೂರೇ ಮೂರು ಬುಟ್ಟಿ ಸವಳು ಹೊತ್ತು ಮಾಳಿಗೆಗೆ ಹಾಕಿಬಿಡಿ. ಅದೂ ಸಿಮೆಂಟಿನ ಕೆಳಗೆ ಉಳಿದು, ನಾನು ಹಗೇವಿಗೆ ಸುರಿದ ಮಣ್ಣಿನಲ್ಲಿ ಸೇರಿರುತ್ತದೆ. ಮುಚ್ಚಿಹೋಗುವ ಮಣ್ಣಿಗೆ ಮತ್ತೆ ಮಣ್ಣು ಯಾಕೆ ಎಂದು ಮನೆಯವರು ಕೇಳಿದರೆ ಉತ್ತರ ಕೊಡಬೇಡಿ. ದಣಿದಿದ್ದೀರಿ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಮುಚ್ಚುಹೊತ್ತು ಮುಗಿಯುತ್ತ ಬಂತು. ನಿನ್ನೆ ಹಗೇವನ್ನು ತಳದ ಕಲ್ಲಿನವರೆಗೆ ಕೆರೆದು ಗುಡಿಸಿದ್ದೇನೆ, ಅಲ್ಲಿ ಏನೂ ಉಳಿದಿಲ್ಲ. ಈ ಪತ್ರ ಮಡಿಚಿಟ್ಟು ಇನ್ನೊಂದು ಸಲ ಇಳಿದು ನೋಡುತ್ತೇನೆ. ಬುಟ್ಟಿ ತೆಗೆದುಕೊಂಡೇ ಇಳಿಯುತ್ತೇನೆ.

ನಿಮ್ಮ
ಸುಗಲಾ