ನಾಲಿಗೆಗೆ ಅಂಟಿದ ಪದ

ಫೆಬ್ರವರಿ 3, ಸೋಮವಾರ

ಆಸ್ಪತ್ರೆಯ ಸ್ಪೀಚ್ ಥೆರಪಿ ಕೋಣೆಯಲ್ಲಿ ನಾಲ್ಕು ಕೇಸು. ಮಾತು ಕಲಿಸ್ತೀನಿ ಅಂತ ಪೇಷೆಂಟುಗಳಿಗೆಲ್ಲ ನಾನು ಟೀಚರ್. ತೊದಲುವ ಪುಟ್ಟ ಹುಡುಗಿಗೆ ಇವತ್ತು 'ಕ' ಸಲೀಸು. ಗಂಟಲು ಆಪರೇಷನ್ ಆದ ಕಂಡಕ್ಟರ್ ಮತ್ತೆ ಚಕ್ಕರ್. ಮಧ್ಯಾಹ್ನ ಮೇಷ್ಟ್ರ ಮನೆ. ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ. ಮೊಣಕಾಲು ಪ್ರಾಣ ತಿಂತು.

ಮೇಷ್ಟ್ರಿಗೆ ಲಕ್ವ ಹೊಡೆದು ಹತ್ತು ವಾರ. ಬಲಗೈ ಬಿದ್ದಿದೆ. ಬುದ್ಧಿ ಚುರುಕು, ನಾವು ಹೇಳಿದ್ದೆಲ್ಲ ಗೊತ್ತಾಗುತ್ತೆ. ಮಾತು ಮಾತ್ರ ಸಿಗಲ್ಲ. ಸಿಕ್ಕರೂ ಬೇರೆಯದೇ ಸಿಗುತ್ತೆ. ಬೀಗದ ಕೈ ಚಿತ್ರ ತೋರಿಸಿದೆ — "ಚಮಚ" ಅಂದ್ರು. ತಪ್ಪು ಅಂತ ಅವರಿಗೇ ಗೊತ್ತು. ಎಡಗೈಲಿ ತೊಡೆಗೆ ಹೊಡ್ಕೊಂಡ್ರು. ಮೂವತ್ತು ವರ್ಷ ಪಾಠ ಹೇಳಿದ ಬಾಯಿ.

ಅವರ ಹೆಂಡತಿ ಅಡಿಗೆಮನೆಯಿಂದಲೇ ಅಂದ್ರು: "ಮೊದಲೂ ನನ್ನ ಮಾತಿಗೆ ಉತ್ತರ ಕೊಡ್ತಿರಲಿಲ್ಲ ಟೀಚರ್. ಈಗ ಡಾಕ್ಟರ ಚೀಟಿ ಬೇರೆ ಸಿಕ್ತು." ಮೇಷ್ಟ್ರು ನಕ್ಕರು. ಅರ್ಧ ಮುಖದ ನಗು. ನನಗೂ ನಗು ಬಂತು. ಎಷ್ಟೋ ದಿನ ಆಗಿತ್ತು.

ತಮ್ಮನ ಸುದ್ದಿ ಇಲ್ಲ. ಒಳಗೆ ಹಾಕಿ ಏಳು ತಿಂಗಳು.

ಫೆಬ್ರವರಿ 6, ಗುರುವಾರ

ಒಬ್ಬ ಬಂದಿದ್ದ. ಟೋಕನ್ ತಗೊಂಡು, ಸಾಲಲ್ಲಿ ಕೂತು, ಪೇಷೆಂಟ್ ಥರ ಒಳಗೆ ಬಂದ. ಮೆತ್ತಗಿನ ದನಿ. ನಾನೇ ಮುಂದೆ ಬಾಗಿ ಕೇಳಿಸ್ಕೊಬೇಕಾಯ್ತು. ಮೊದಲು ಗಂಟಲಿನ ಕೇಸು ಅಂದ್ಕೊಂಡೆ. ಹೆಸರು ಹೇಳಲಿಲ್ಲ. ಇಲ್ಲಿ ಮೆದುಮಾತಿನವ ಅಂತಲೇ ಬರೀತೀನಿ.

"ನಿಮ್ಮ ತಮ್ಮನ ವಿಷಯ" ಅಂದ. ಎದ್ದು ಬಾಗಿಲು ಹಾಕಿದೆ.

ಅವನು ಹೇಳಿದ್ದು ಇಷ್ಟು. ಮೇಷ್ಟ್ರು ನಡೆಸ್ತಿದ್ದ ವಾರಪತ್ರಿಕೆಯನ್ನ ಸರ್ಕಾರ ಮುಚ್ಚಿಸಿ ಎರಡು ವರ್ಷ. ಆದ್ರೂ ತಿಂಗಳಿಗೊಂದು ಸಲ ನಾಲ್ಕು ಮಡಿಕೆಯ ಹಾಳೆ ಮನೆಮನೆ ಬಾಗಿಲ ಸಂದಿಯಲ್ಲಿ ಬೀಳ್ತಿದೆ. ತಮ್ಮ ಓಡಿಸ್ತಿದ್ದ ವ್ಯಾನಿನಲ್ಲಿ ಸಿಕ್ಕಿದ್ದು ಅದರದೇ ಕಟ್ಟು. ಕಟ್ಟಿನೊಳಗೆ ಏನಿದೆ ಅಂತ ಗೊತ್ತಿರಲಿಲ್ಲ ಅಂತಾನೆ ತಮ್ಮ. ಮೆದುಮಾತಿನವ ಅದನ್ನ ನಂಬ್ತಾನಂತೆ. ನಂಬಿದ್ರೆ ಬಿಡಿ ಅಂದೆ. ಅದು ತನ್ನ ಕೈಲಿಲ್ಲ, ನನ್ನ ಕೈಲಿದೆ ಅಂದ.

ಹಾಳೆ ಅಚ್ಚಾಗೋ ಮೆಷಿನ್ ಯಾರ ಹತ್ತಿರ ಇದೆ — ಅದೊಂದು ಬೇಕು. ಮೇಷ್ಟ್ರಿಗೆ ಗೊತ್ತು. ಮಾತೇ ಬರದವರನ್ನ ಎಳಕೊಂಡು ಹೋಗಿ ಏನು ಮಾಡೋದು ಅಂದ. "ನಿಮ್ಮ ಕೆಲಸ ನೀವು ಮಾಡಿ ಮೇಡಂ. ಮಾತು ಬರಿಸಿ. ಬಂದ ಮಾತನ್ನ ನಮಗೂ ಒಂದು ಕಾಪಿ ಕೊಡಿ, ಅಷ್ಟೇ."

ಆಗಲ್ಲ ಅಂದೆ. ಅವನು ವಾದ ಮಾಡಲಿಲ್ಲ. ತಮ್ಮನ ಕಾಗದ ಮೇಜಿನ ಮೇಲಿಟ್ಟು ಹೋದ. ಎರಡೇ ಸಾಲು. ಅಕ್ಕ, ಹಲ್ಲು ನೋಯ್ತಿದೆ. ನೀನು ಚಿಂತೆ ಮಾಡಬೇಡ.

ಫೆಬ್ರವರಿ 12, ಬುಧವಾರ

ಒಪ್ಪಿದೆ.

ಫೆಬ್ರವರಿ 18, ಮಂಗಳವಾರ

ಮೊದಲ ಕಾಪಿ ಕೊಟ್ಟೆ. ಚಮಚ, ಕಿಟಕಿ, ಬಾ, ಚಮಚ. ಮೆದುಮಾತಿನವ ಕನ್ನಡಕ ಹಾಕ್ಕೊಂಡು ಗಂಭೀರವಾಗಿ ಓದಿದ. ಚಮಚ ಅಂದ್ರೆ ಯಾರಿರಬಹುದು ಅಂತ ಕೇಳಿದ. ಚಮಚ ಅಂದ್ರೆ ಚಮಚ ಅಂದೆ. ಬರ್ಕೊಂಡ.

ಇವತ್ತು ಮೇಷ್ಟ್ರು "ನೀರು" ಅಂದ್ರು. ಲೋಟ ತೋರಿಸಿ, ಸರಿಯಾಗಿ. ಅವರ ಹೆಂಡತಿ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. ನನ್ನ ಕೈ ಹಿಡಿದು, ನೀನು ನಮ್ಮನೆಗೆ ಹುಟ್ಟಬೇಕಾದವಳು ಅಂದ್ರು. ಇಪ್ಪತ್ತು ವರ್ಷದ ಕೆಲಸದಲ್ಲಿ ಈ ಕ್ಷಣಕ್ಕೋಸ್ಕರವೇ ಬದುಕಿದೀನಿ. ಇವತ್ತು ಕೈ ಬಿಡಿಸ್ಕೊಂಡೆ.

ಇಳಿಯುವಾಗ ಅದೇ ಕಟ್ಟಡದ ಕೆಳಗಿನ ಟೈಲರ್ ಹತ್ತಿರ ಕೋಟು ಕೊಟ್ಟೆ, ಲೈನಿಂಗ್ ಹರಿದಿತ್ತು. ಅಳತೆ ಟೇಪು ಕೊರಳಲ್ಲಿ, ಬಾಯಲ್ಲಿ ಗುಂಡುಪಿನ್ನು, ಪಿನ್ನಿನ ಸಂದಿಯಿಂದಲೇ ಮಾತು. ನನ್ನ ಎಡಭುಜ ಬೆರಳಷ್ಟು ತಗ್ಗಿದೆಯಂತೆ. "ಬ್ಯಾಗು ಇನ್ನೊಂದು ಕಡೆ ಹಾಕ್ಕೊಳ್ಳಿ ಟೀಚರ್. ನಾಳೆ ಜನ ನಿಮ್ಮ ಭುಜ ನೋಡಲ್ಲ, ನನ್ನ ಹೊಲಿಗೆ ನೋಡಿ ಬೈತಾರೆ." ಅವನ ಹೆಂಡತಿ ಗುಂಡಿ ಹಾಕ್ತಾ ತಲೆ ಎತ್ತದೆ ನಕ್ಕಳು.

ಫೆಬ್ರವರಿ 27, ಗುರುವಾರ

ಮೆದುಮಾತಿನವ ಒಂದು ಫೋಟೋ ಕೊಟ್ಟಿದ್ದ. ಅಚ್ಚಿನ ಮೆಷಿನ್. ಚಿತ್ರಗಳ ಕಟ್ಟಿನ ಮಧ್ಯೆ ಸೇರಿಸಿ ತೋರಿಸಬೇಕು. ತೋರಿಸಿದೆ.

ಹೇಗಾಯ್ತು ಅಂತ ಹಾಗೇ ಬರೀತೀನಿ.

ಮೊದಲು ಹೊಲಿಗೆ ಮೆಷಿನ್ ಚಿತ್ರ. "ಟೈಲರ್" ಅಂದ್ರು. ತುಂಬ ಹತ್ತಿರ, ಭೇಷ್ ಅಂದೆ. ಆಮೇಲೆ ಗಡಿಯಾರ. "ಟೈಲರ್." ಷೂ. "ಟೈಲರ್." ಈ ಕಾಯಿಲೆಯಲ್ಲಿ ಹೀಗಾಗುತ್ತೆ. ಒಂದು ಪದ ನಾಲಿಗೆಗೆ ಅಂಟಿಕೊಂಡರೆ ಮುಂದಿನ ನಾಲ್ಕೈದು ಚಿತ್ರಕ್ಕೂ ಅದೇ ಬರುತ್ತೆ. ಆಗ ನಿಲ್ಲಿಸಬೇಕು, ಬೇರೇನೋ ಮಾತಾಡಿಸಿ ಮತ್ತೆ ಶುರು ಮಾಡಬೇಕು. ಟ್ರೇನಿಂಗಿಗೆ ಬರೋ ಹುಡುಗಿಯರಿಗೆ ನಾನೇ ಹೇಳಿಕೊಡ್ತೀನಿ.

ನಿಲ್ಲಿಸಲಿಲ್ಲ. ನಾಲ್ಕನೇದು ಆ ಫೋಟೋ.

ಮೇಷ್ಟ್ರು ಫೋಟೋ ನೋಡಿದ್ರು. ನನ್ನ ಮುಖ ನೋಡಿದ್ರು. ಬಹಳ ಹೊತ್ತು. ತುಟಿ ಬಿಗಿ ಹಿಡಿದ್ರು — ಆದ್ರೆ ಬಾಯಿ ಅವರ ಮಾತು ಕೇಳಲ್ಲವಲ್ಲ. "ಟೈಲರ್."

ಫೆಬ್ರವರಿ 28, ಶುಕ್ರವಾರ

ಕಾಪಿಯಲ್ಲಿ ಬರೆದದ್ದು: ಅಚ್ಚಿನ ಮೆಷಿನ್ ಫೋಟೋ — ಟೈಲರ್.

ಹೊಲಿಗೆ ಮೆಷಿನ್, ಗಡಿಯಾರ, ಷೂ ಬರೀಲಿಲ್ಲ. ಪೆನ್ನು ಹಿಡಿದು ಕೂತಿದ್ದೆ, ಬರೀಬೇಕು ಅಂತಲೇ ಕೂತಿದ್ದೆ. ಹತ್ತು ದಿನದಿಂದ ಬರೀ ಚಮಚ ಕಿಟಕಿ ಕೊಟ್ಟು ಮೆದುಮಾತಿನವನಿಗೆ ಮುಖ ತೋರಿಸೋ ಹಾಗಿರಲಿಲ್ಲ. ತಮ್ಮನ ಹಲ್ಲು ಕಿತ್ತಿದ್ದಾರಂತೆ. ಮರಗಟ್ಟಿಸೋ ಇಂಜೆಕ್ಷನ್ ಕೂಡ ಕೊಡದೆ.

ಯಾರೂ ನಂಬಲ್ಲ ಬಿಡು ಅಂದ್ಕೊಂಡೆ. ಚಮಚದ ಥರ ಇದೂ ಒಂದು.

ಮಾರ್ಚ್ 4, ಮಂಗಳವಾರ

ಟೈಲರ್ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಬಟ್ಟೆಯೆಲ್ಲ ನೆಲದ ಮೇಲೆ. ಹೊಲಿಗೆ ಮೆಷಿನ್ ಕಳಚಿ ಬಿಡಿಬಿಡಿ ಮಾಡಿದ್ದಾರೆ. ಅವನ ಹೆಂಡತಿ ಒಂದೊಂದೇ ಬಟ್ಟೆ ಕೊಡವಿ ಯಾರದು ಅಂತ ಚೀಟಿ ನೋಡ್ತಿದ್ಲು. ನನ್ನ ಕೋಟು ಎತ್ತಿ ಕೊಟ್ಟಳು. ಕೋಟಿನ ಬೆನ್ನ ಮೇಲೆ ಬೂಟುಗಾಲಿನ ಗುರುತು. "ಒಗೆದು ಕೊಡ್ತಿದ್ದೆ ಟೀಚರ್, ನಲ್ಲೀಲಿ ನೀರಿಲ್ಲ" ಅಂದ್ಲು. ಭಾನುವಾರ ಬೆಳಿಗ್ಗೆ ಐದು ಜನ ಬಂದು ಗಂಡನ್ನ ಕರ್ಕೊಂಡು ಹೋದ್ರಂತೆ. ಏನೋ ತಪ್ಪು ತಿಳುವಳಿಕೆ, ಸಂಜೆಗೆ ಬರ್ತಾರೆ ಅಂದ್ಕೊಂಡು ಅಡಿಗೆ ಮಾಡಿಟ್ಟಿದ್ದಳಂತೆ.

ಮೇಲೆ ಹತ್ತಲಿಲ್ಲ. ಜ್ವರ ಅಂತ ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿದೆ. ಶುಂಠಿ ಕಷಾಯ ಕುಡಿ ಮಗಳೇ ಅಂದ್ರು.

ಮಾರ್ಚ್ 8, ಶನಿವಾರ

ತಮ್ಮ ಬಂದ.

ಬಾಗಿಲು ತೆಗೆದರೆ ನಿಂತಿದ್ದ. ಅವನೇ ಅಂತ ಗೊತ್ತಾಗೋಕೆ ಒಂದು ಗಳಿಗೆ ಬೇಕಾಯ್ತು. ಅಮ್ಮ ಹೋದಾಗ ಅವನಿಗೆ ಆರು ವರ್ಷ, ನನಗೆ ಹತ್ತೊಂಬತ್ತು. ಸಾಕಿದವಳು ನಾನು, ಗುರುತು ಹಿಡಿಯಲಿಲ್ಲ. ಎರಡು ಸಲ ಬಡಿಸ್ಕೊಂಡು ಉಂಡ, ಬಲದವಡೆಯಲ್ಲಿ ಮಾತ್ರ ಅಗಿದು. ಆಮೇಲೆ ನಡುಮನೆಯಲ್ಲೇ ನೆಲದ ಮೇಲೆ ಮಲಗಿಬಿಟ್ಟ. ಹಾಸಿಗೆ ಅಭ್ಯಾಸ ತಪ್ಪಿದೆಯಂತೆ.

ಹೇಗೆ ಬಿಟ್ಟರು ಅಂತ ಅವನಿಗೂ ಗೊತ್ತಿಲ್ಲ. ಬಿಡುಗಡೆಯ ಕಾಗದದಲ್ಲಿ 'ಸದ್ಯಕ್ಕೆ' ಅಂತಿದೆ. "ಯಾರೋ ದೇವರಂಥವರು ಹೇಳಿರಬೇಕು ಅಕ್ಕ" ಅಂದ.

ಮಾರ್ಚ್ 12, ಬುಧವಾರ

ಮೆದುಮಾತಿನವನನ್ನ ನಾನೇ ಹುಡುಕಿಕೊಂಡು ಹೋದೆ. ಆ ಪದ ತಪ್ಪು ಅಂದೆ. ಕಾಯಿಲೆಯ ಲಕ್ಷಣ ಬಿಡಿಸಿ ಹೇಳಿದೆ, ಪುಸ್ತಕ ತೆಗೆದು ತೋರಿಸಿದೆ. ಪೂರ್ತಿ ಕೇಳಿಸ್ಕೊಂಡ. "ಇದನ್ನ ಆವತ್ತೇ ಬರೀಬಹುದಿತ್ತಲ್ಲ ಮೇಡಂ?"

ಪುಸ್ತಕ ಮುಚ್ಚಿದೆ.

ಟೈಲರ್ ಈಗ ಒಂದೊಂದಾಗಿ ಒಪ್ಕೊಳ್ತಿದ್ದಾನಂತೆ. ಇಲ್ಲದ ಮೆಷಿನ್ ಬಗ್ಗೆ ಏನು ಒಪ್ಕೊಳ್ತಾನೆ ಅಂದೆ. ಎಲ್ಲರ ಹತ್ತಿರವೂ ಒಪ್ಕೊಳ್ಳೋಕೆ ಏನಾದ್ರೂ ಇರುತ್ತೆ ಅಂದ. ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ತಮ್ಮ ಸರಿಯಾಗಿ ಊಟ ಮಾಡ್ತಿದ್ದಾನಾ ಅಂತ ವಿಚಾರಿಸಿದ.

ಮಾರ್ಚ್ 17, ಸೋಮವಾರ

ಎರಡು ವಾರ ಆದಮೇಲೆ ಮೇಷ್ಟ್ರ ಮನೆ. ಟೈಲರನ್ನ ಹಿಡಿದ ಸುದ್ದಿ ಕೇಳಿದಾಗಿನಿಂದ ಬಾಯಿ ಬಿಡಲೇ ಇಲ್ಲ, ಒಂದೇ ಸಮ ಒಬ್ಬರೇ ತುಟಿ ಆಡಿಸ್ತಿದ್ರು ಅಂತ ಅವರ ಹೆಂಡತಿ. ನನ್ನನ್ನ ಕಂಡ ಕೂಡಲೇ ಕುರ್ಚಿಯಲ್ಲಿ ನೆಟ್ಟಗಾದ್ರು. ಚಿತ್ರ ತೆಗೆಯೋಕೆ ಬಿಡಲಿಲ್ಲ. ಎಡಗೈಲಿ ನನ್ನ ಮಣಿಕಟ್ಟು ಹಿಡಿದು,

"ಟೈಲರ್... ಅಲ್ಲ."

ಎರಡು ಪದ. ಜೋಡಿಸಿದ್ದು. ಅವರ ಮೊದಲ ವಾಕ್ಯ. ಬೇರೆ ಯಾವತ್ತಾದ್ರೂ ಆಗಿದ್ರೆ ಕುಣಿದುಬಿಡ್ತಿದ್ದೆ.

"ಗೊತ್ತು ಮೇಷ್ಟ್ರೇ" ಅಂದೆ.

ಅವರು ತಲೆ ಅಲ್ಲಾಡಿಸಿದ್ರು. ಅಷ್ಟಕ್ಕೇ ನಿಲ್ಲೋದಲ್ಲ ಅದು. ಬೆವರು ಇಳೀತಿತ್ತು. "ಟೈಲರ್ ಅಲ್ಲ... ಅದು..." ಉಸಿರು ಎಳಕೊಂಡ್ರು. ನಾನೇ ಕಲಿಸಿದ ಹಾಗೆ — ಮೊದಲು ಉಸಿರು, ಆಮೇಲೆ ತುಟಿ, ಆಮೇಲೆ ದನಿ. ಮೊದಲ ಅಕ್ಷರಕ್ಕೆ ತುಟಿ ಕೂಡಿತು. ಟೈಲರನ್ನ ಬಿಡಿಸೋಕೆ ನಿಜವಾದ ಹೆಸರು ಕೊಡೋಕೆ ಹೊರಟಿದ್ರು. ನನಗೆ. ನಾನು ಎಲ್ಲಿ ಮುಟ್ಟಿಸ್ತೀನಿ ಅಂತ ಗೊತ್ತಿದ್ದೇ.

ಅವರ ಬಾಯಿ ಮುಚ್ಚಿದೆ. ನನ್ನ ಅಂಗೈಯಿಂದ. ಗಟ್ಟಿಯಾಗಿ.

"ಬೇಡ. ನನಗೆ ಹೇಳಬೇಡಿ."

ಅಂಗೈ ಕೆಳಗೆ ತುಟಿ ಇನ್ನೂ ಆಡ್ತಿತ್ತು. ಆಮೇಲೆ ನಿಂತಿತು. ಕಣ್ಣೀರು ನನ್ನ ಬೆರಳ ಮೇಲೆ ಇಳೀತು. ತಲೆ ಎತ್ತಿದರೆ ಬಾಗಿಲಲ್ಲಿ ಅವರ ಹೆಂಡತಿ, ಕೈಲಿ ಹಾಲಿನ ಲೋಟ.

ಮಾರ್ಚ್ 18, ಮಂಗಳವಾರ

ನಿನ್ನೆ ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ, ಆಕೆಗೆ. ಬಚ್ಚಿಡಲಿಲ್ಲ. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಲೋಟ ಕೆಳಗಿಟ್ಟು, ನನ್ನ ಬ್ಯಾಗಿನ ಜಿಪ್ ಎಳೆದು, ಬ್ಯಾಗು ನನ್ನ ಕೈಗೆ ಕೊಟ್ರು. "ಇಷ್ಟು ಮಾತು ಸಾಕು ಅವರಿಗೆ. ನಾಳೆಯಿಂದ ಬರಬೇಡಿ." ಬರಬೇಡಿ ಅಂದ್ರು. ಇಷ್ಟು ದಿನ ಬಾ, ಹೋಗು ಅಂತಿದ್ದವರು.

ಕಟ್ಟಕಡೆಯ ಕಾಪಿ ಇವತ್ತು ಕೊಟ್ಟೆ. ಪೇಷೆಂಟಿಗೆ ಮಾತು ಮರಳುವ ಸಾಧ್ಯತೆ ಇಲ್ಲ, ಚಿಕಿತ್ಸೆ ನಿಲ್ಲಿಸಲಾಗಿದೆ. ಸಹಿ, ಸೀಲು. ಈ ವೃತ್ತಿಯಲ್ಲಿ ಬೇಕಂತಲೇ ಬರೆದ ಎರಡನೇ ಸುಳ್ಳು.

ಇನ್ನೊಂದು ಆರು ತಿಂಗಳಿದ್ರೆ ಅವರು ಹೆಂಡತಿ ಜೊತೆ ಜಗಳ ಆಡೋ ಮಟ್ಟಿಗೆ ಬರ್ತಿದ್ರು. ಖಂಡಿತ ಬರ್ತಿದ್ರು.

ಮಾರ್ಚ್ 26, ಬುಧವಾರ

ಟೈಲರನ ಹೆಂಡತಿ ಒಬ್ಬ ವಕೀಲೆಯನ್ನ ಹಿಡಿದಿದ್ದಾಳೆ ಅಂತ ಗೊತ್ತಾಯ್ತು. ವಿಳಾಸ ಹುಡುಕಿ ಹೋದೆ. ಕಿರಿದಾದ ಕೋಣೆ, ಕುರ್ಚಿ ಮೇಲೂ ಫೈಲು. ವಕೀಲೆ ನನಗಿಂತ ಚಿಕ್ಕವಳು, ಪಟಪಟ ಮಾತು. ಟೈಲರ್ ಮೇಲಿರೋ ಸಾಕ್ಷ್ಯವೆಲ್ಲ ನನ್ನ ಆ ಒಂದು ಸಾಲಿನ ಮೇಲೆ ನಿಂತಿದೆಯಂತೆ. ಪದ ತಪ್ಪು ಅಂತ ಗೊತ್ತಿದ್ದೂ ಮುಚ್ಚಿಟ್ಟೆ ಅಂತ ಕೋರ್ಟಿಗೆ ಬರೆದು ಕೊಟ್ರೆ ಅದು ನಿಲ್ಲಲ್ಲ. ನನ್ನ ಕೆಲಸ ಹೋಗುತ್ತೆ. ಕೇಸೂ ಬೀಳಬಹುದು. ತಮ್ಮನ 'ಸದ್ಯಕ್ಕೆ' ರದ್ದಾಗುತ್ತೆ — ಅದನ್ನೂ ಅವಳೇ ಹೇಳಿದ್ಲು, ಮುಚ್ಚುಮರೆ ಮಾಡಲಿಲ್ಲ.

ಟೈಲರನ ಹೆಂಡತಿ ಮೂಲೆಯಲ್ಲಿ ಕೂತಿದ್ಲು. ಎಲ್ಲ ಕೇಳಿಸ್ಕೊಂಡ್ಲು. ಕೊನೆಗೆ ಕೇಳಿದ್ದು ಒಂದೇ. "ಅವರು ನಿಮ್ಮ ಕೋಟಿಗೆ ಸೂಜಿ ಹಾಕ್ತಿದ್ದಾಗ, ನಿಮಗೆ ಗೊತ್ತಿತ್ತಾ ಟೀಚರ್?"

ಇಲ್ಲ ಅಂದೆ. ಆಗಿನ್ನೂ ಆ ಪದ ಬಂದಿರಲಿಲ್ಲ. ನಿಜವೇ. ಆದ್ರೂ ಸುಳ್ಳು ಹೇಳಿದ ಹಾಗೆ ಕೇಳಿಸ್ತು.

ಮಾರ್ಚ್ 30, ಭಾನುವಾರ

ಮೂರು ದಿನ ಹೇಳೋಕೆ ಆಗಲಿಲ್ಲ. ಇವತ್ತು ತಿಂಡಿ ಆದಮೇಲೆ ತಮ್ಮನನ್ನ ಕೂರಿಸಿ ಎಲ್ಲ ಹೇಳಿದೆ. ಮೇಷ್ಟ್ರು, ಫೋಟೋ, ಟೈಲರ್. ದೇವರಂಥವರು ಯಾರು ಅಂತಲೂ.

ಎದ್ದು ಹೋದ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟ ಸದ್ದು, ತುಂಬ ಹೊತ್ತು. ಹೊರಗೆ ಬಂದವನು ಆ ಟೈಲರಿಗೆ ಎಷ್ಟು ವಯಸ್ಸು ಅಂತ ಕೇಳಿದ. ಐವತ್ತೈದು ಇರಬಹುದು ಅಂದೆ.

"ಅಲ್ಲಿ ಆ ವಯಸ್ಸಿನವರು ತಡ್ಕೊಳ್ಳಲ್ಲ ಅಕ್ಕ. ಬರೆದು ಕೊಡು."

ನಿನ್ನ ಗತಿ ಏನೋ ಅಂದೆ. ನೋಡಿದ ಜಾಗವೇ ತಾನೆ ಅಂದ. ನಗೋಕೆ ನೋಡಿದ. ಹಲ್ಲು ಹೋದ ಕಡೆ ಕೆನ್ನೆ ಒಳಗೆ ಹೋಗಿದೆ.

ನಾಳೆ ಹತ್ತಕ್ಕೆ ವಕೀಲೆ ಹತ್ತಿರ. ಕೋರ್ಟಿಗೆ ಕೊಡೋದನ್ನ ಬರೆದು ಮುಗಿಸಿದೆ, ಒಂದೂವರೆ ಪುಟ. ಗಡಿಯಾರ, ಷೂ ಎಲ್ಲ ಇದೆ ಅದರಲ್ಲಿ. ತಮ್ಮ ತನ್ನೆರಡು ಅಂಗಿ ಮಡಚಿ ಚೀಲಕ್ಕೆ ಹಾಕ್ಕೊಳ್ತಿದ್ದಾನೆ. ಇಷ್ಟು ಬೇಗ ಯಾಕೋ ಅಂದ್ರೆ, ಹೋದ ಸಲ ಏನೂ ತಗೊಳ್ಳೋಕೆ ಬಿಟ್ಟಿರಲಿಲ್ಲ ಅಂದ. ಸ್ವೆಟರ್ ಇದೆಯಾ ಅಂತ ಕೇಳ್ತಿದ್ದಾನೆ. ನೆಲ ತಣ್ಣಗಿರುತ್ತಂತೆ. ಒಂದು ಇತ್ತು, ನೀಲಿದು, ಕಪಾಟಿನ ಮೇಲಿನ ಅರೆಯಲ್ಲಿ, ನೋಡ್ತೀನಿ ಇರು ಅಂದೆ. ಪೆನ್ನಿಟ್ಟು ಏಳ್ತೀನಿ.