ಎರಡನೆಯ ಸುತ್ತು

ಶಂಕರಪುರ,
ಮಂಗಳವಾರ

ಪ್ರೀತಿಯ ಪ್ರತೀಕ್,

ಮಣಿಪಾಲದ ಬಸ್ಸಿನಲ್ಲಿ ಹೂವಿನ ಕಟ್ಟಿನೊಟ್ಟಿಗೆ ಈ ಚೀಟಿ ಕಳುಹಿಸುತ್ತಿದ್ದೇನೆ. ಫೋನಿನಲ್ಲಿ ಹೇಳುವ ಧೈರ್ಯ ಇಲ್ಲ.

ಹೋದ ಭಾನುವಾರ ನೀನು ಹೂ ಕಟ್ಟುವ ಯಂತ್ರಕ್ಕೆ ಕಲಿಸಲಿಕ್ಕೆಂದು ನನ್ನ ಕೈಯ ವಿಡಿಯೊ ಮಾಡಿದೆಯಲ್ಲ, ಅದರಲ್ಲಿ ನಾನು ಬೇಕೆಂದೇ ತಪ್ಪಾಗಿ ಕಟ್ಟಿದ್ದೇನೆ. ಬಾಳೆನಾರನ್ನು ಎರಡು ಸುತ್ತು ಸುತ್ತುವಲ್ಲಿ ಒಂದೇ ಸುತ್ತು ಹಾಕಿದೆ. ಹಾಗೆ ಕಟ್ಟಿದ ಮಲ್ಲಿಗೆ ಉಡುಪಿ ಮುಟ್ಟುವ ಮೊದಲೇ ಉದುರುತ್ತದೆ.

"ಯಂತ್ರದ ಪ್ರೋಗ್ರಾಮಿಗೆ ಬೀಗ ಇಲ್ಲ ಚಿಕ್ಕಮ್ಮ, ಎಲ್ಲರಿಗೂ ಬಿಟ್ಟುಕೊಡುವುದು" ಎಂದೆ ನೀನು. ಎಲ್ಲರಿಗೂ ಎಂದರೆ ದೊಡ್ಡ ಕಂಪೆನಿಯವರಿಗೂ ಅಲ್ವಾ? ಮತ್ತೆ ನಮ್ಮ ಕೈಗಳಿಗೆ ಎಂತ ಕೆಲಸ ಉಂಟು? ಆ ಹೆದರಿಕೆಯಿಂದ ಹಾಗೆ ಮಾಡಿದೆ.

ಅಂದಿನಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ಹೂ ಎಣಿಸಹೊರಟರೆ ನೂರಕ್ಕೆ ಮೊದಲೇ ತಪ್ಪುತ್ತದೆ, ಪುನಃ ಶುರು ಮಾಡುತ್ತೇನೆ. ಮದುವೆಯಾಗಿ ಈ ಊರಿಗೆ ಬಂದ ನನಗೆ ಈ ಗಂಟು ಕಲಿಸಿದವರು ಪಕ್ಕದ ಮನೆಯ ಝೀಟಾ ಬಾಯಿ. ಅವರು ಏನನ್ನೂ ಬಚ್ಚಿಡಲಿಲ್ಲ. ಒಂದೇ ಮಾತು ಹೇಳಿದ್ದರು: "ಯಾರು ಕೇಳಿದರೂ ಕಲಿಸು ಕುಶಲಾ. ಆದರೆ ಅವರೂ ಬೇರೆಯವರಿಗೆ ಕಲಿಸುತ್ತೇನೆ ಅಂತ ಮಾತು ಕೊಡಬೇಕು."

ಆಗಲಿ ಎಂದು ಅಂದು ನಾನು ಕೊಟ್ಟ ಮಾತನ್ನು ನಾನೇ ಮುರಿದೆ.

ಈ ಭಾನುವಾರ ಪುನಃ ಕ್ಯಾಮೆರಾ ತೆಗೆದುಕೊಂಡು ಬಾ. ಸರಿಯಾಗಿ ಕಟ್ಟಿ ತೋರಿಸುತ್ತೇನೆ. ಆದರೆ ಬರುವ ಮೊದಲು ಝೀಟಾ ಬಾಯಿಯ ಆ ಮಾತನ್ನು ನಿನ್ನ ಪ್ರೋಗ್ರಾಮಿನಲ್ಲಿ ಬರೆದಿಡು. ಪ್ರೋಗ್ರಾಮನ್ನು ತೆಗೆದುಕೊಳ್ಳುವವರು ಯಾರೇ ಆಗಲಿ, ಆ ಮಾತಿಗೆ ಒಪ್ಪಿಯೇ ತೆಗೆದುಕೊಳ್ಳಬೇಕು.

ಹಾಗೆ ಬರೆಯಲಿಕ್ಕೆ ಆಗುವುದಿಲ್ಲ ಎಂದಾದರೆ, ಮೊದಲಿನ ವಿಡಿಯೊವೇ ಇರಲಿ.

ನಿನ್ನ ಚಿಕ್ಕಮ್ಮ,
ಕುಶಲಾ